ಬಾಡಿ ಒಂದರದ್ದು, ಚಾಸಿ ಇನ್ನೊಂದರದ್ದು

ಶಿರಾ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ ನಿಂತರೆ ಮೈಯೇ ಇಲ್ಲದ ಲಾರಿ, ಬಸ್ಸುಗಳು ಸಾಲಾಗಿ ಹೋಗುವುದು ಆಗಾಗ ಕಣ್ಣಿಗೆ ಬೀಳುತ್ತದೆ. ಎಂಜಿನ್, ಚಕ್ರಗಳು, ಉದ್ದಕ್ಕೂ ಎರಡು ಉಕ್ಕಿನ ತೊಲೆ, ಮುಂದೆ ಒಂದು ಸೀಟು. ತಲೆಗೆ ಟವೆಲ್ ಸುತ್ತಿದ ಡ್ರೈವರ್ ಬಿಸಿಲು, ಗಾಳಿ, ದೂಳಿಗೆ ನೇರವಾಗಿ ಮುಖ ಕೊಟ್ಟು ಕೂತಿರುತ್ತಾನೆ. ಕಾರ್ಖಾನೆಯಿಂದ ಬಾಡಿ ಕಟ್ಟುವವರ ಶೆಡ್ಡಿಗೆ ಹೊರಟ ಚಾಸಿಗಳು ಅವು. ಬಾಡಿ ಇಲ್ಲದೆಯೂ ಅವು ನೂರಾರು ಕಿಲೋಮೀಟರ್ ಓಡುತ್ತವೆ. ಚಾಸಿ ಇಲ್ಲದ ಬಾಡಿ ಒಂದು ಮಾರು ದೂರವೂ ಓಡದು.

ಎಲ್ಲ ವಾಹನಗಳೂ ಹೀಗಿಲ್ಲ. ನಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿ ಬಾಡಿಯೇ ಭಾರ ಹೊರುವ ಚೌಕಟ್ಟು. ಅದನ್ನು ಎತ್ತಿ ಪಕ್ಕಕ್ಕಿಟ್ಟರೆ ಕೆಳಗೆ ಕಾರು ಉಳಿಯುವುದಿಲ್ಲ. ಜೀಪು, ಟಾಟಾ 407, ಬೊಲೆರೊ ಪಿಕಪ್‌ಗಳದು ಬೇರೆ ವಂಶ. ಎರಡು ಉದ್ದ ತೊಲೆ, ನಡುನಡುವೆ ಅಡ್ಡಪಟ್ಟಿ: ಮಲಗಿಸಿದ ಏಣಿಯ ಆಕಾರ. ಅದರ ಮೇಲೆ ರಬ್ಬರ್ ಬುಷ್ ಇಟ್ಟು ಬೋಲ್ಟ್ ಬಿಗಿದು ಕೂರಿಸಿದ ಬಾಡಿ. ಬೋಲ್ಟು ಬಿಚ್ಚಿ, ವೈರು, ಬ್ರೇಕ್ ಪೈಪು, ಸ್ಟೇರಿಂಗ್ ಕಳಚಿ, ಚೈನ್ ಪುಲ್ಲಿ ಹಾಕಿ ಎತ್ತಿದರೆ ಬಾಡಿ ಮೇಲೆದ್ದು ಬರುತ್ತದೆ.

ಹಾಗಾಗಿ ಮಧುಗಿರಿ, ಪಾವಗಡದಂಥ ಕಡೆ ಹಳೆ ಪಿಕಪ್ ಇಟ್ಟುಕೊಂಡವರಿಗೆ ಒಂದು ಆಸೆ ಹುಟ್ಟುವುದು ಸಹಜ. ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಜೊತೆಗೆ ಉಪ್ಪುಗಾಳಿ. ತಗಡು ಬೇಗ ತುಕ್ಕು ಹಿಡಿದು ಉದುರುತ್ತದೆ. ರಾಜ್ಯದಲ್ಲೇ ಮಳೆ ಕಡಿಮೆಯಿರುವ ತಾಲ್ಲೂಕುಗಳ ಸಾಲಿಗೆ ಸೇರಿದ ಪಾವಗಡದಲ್ಲಿ ಗಾಳಿ ಒಣ, ತಗಡಿಗೆ ಆಯುಸ್ಸು ಹೆಚ್ಚು. (ಕುರಿ, ಗೊಬ್ಬರ ಸಾಗಿಸುವ ಗಾಡಿಗೆ ಈ ಮಾತು ಪೂರ್ತಿ ಒಪ್ಪುವುದಿಲ್ಲ. ಕುರಿ ಮೂತ್ರದ ಲವಣ, ಪೊಟ್ಯಾಷ್ ಗೊಬ್ಬರದ ಕ್ಲೋರೈಡ್ ಎರಡೂ ಸೇರಿ ಹಿಂದಿನ ತಳವನ್ನು ತಿಂದುಹಾಕುತ್ತವೆ.) ಇತ್ತ ಹೊಲದ ದಾರಿಯಲ್ಲಿ ಮಿತಿಮೀರಿ ಲೋಡು ಹೊತ್ತ ಚಾಸಿ ಬಿರುಕು ಬಿಟ್ಟಿರುತ್ತದೆ. ಬಾಡಿ ಗಟ್ಟಿ, ಚಾಸಿ ಲಡ್ಡು. ಗುಜರಿಯಲ್ಲಿ ಇನ್ನೊಂದು ಚಾಸಿ ಸಿಕ್ಕರೆ ಇದರ ಬಾಡಿಯನ್ನು ಅದರ ಮೇಲೆ ಕೂರಿಸಬಾರದೇಕೆ?

ಕೂರಿಸಬಹುದು. ತೊಡಕು ಶುರುವಾಗುವುದು ಕೂರಿಸಿದ ಮೇಲೆ.

ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಕಡ್ಡಿ ಇರುವ ಒಳತಟ್ಟೆಯನ್ನು ಹೊರಗೆಳೆದು ಎರಡೂ ತುದಿ ಹಿಡಿದು ತಿರುಚಿದರೆ ಸಲೀಸಾಗಿ ಹೊರಳುತ್ತದೆ. ಹೊರಕವಚದೊಳಗೆ ಸೇರಿಸಿ ತಿರುಚಿ ನೋಡಿ, ಜಗ್ಗುವುದಿಲ್ಲ. ತೆರೆದ ಆಕಾರಕ್ಕೂ ಮುಚ್ಚಿದ ಆಕಾರಕ್ಕೂ ಇರುವ ಈ ಅಂತರ ಊಹೆಗಿಂತ ಬಹಳ ದೊಡ್ಡದು. 30 ಮಿಲಿಮೀಟರ್ ತ್ರಿಜ್ಯ, 3 ಮಿಲಿಮೀಟರ್ ದಪ್ಪದ ಉಕ್ಕಿನ ಪೈಪನ್ನು ಉದ್ದಕ್ಕೆ ಒಂದೇ ಒಂದು ಗೆರೆಯಷ್ಟು ಸೀಳಿದರೆ, ತಿರುಚುವಿಕೆಯನ್ನು ತಡೆಯುವ ಅದರ ಬಿಗಿತ ಸುಮಾರು 300 ಪಟ್ಟು ಕುಸಿಯುತ್ತದೆ. ಪೈಪಿನ ತೂಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಲಾರಿ ಚಾಸಿಯ ತೊಲೆಗಳು ಸಾಮಾನ್ಯವಾಗಿ ಒಂದು ಬದಿ ತೆರೆದ ‘ಸಿ’ ಆಕಾರದವು. ಕೆಳಗೂ ಮೇಲೂ ಬಾಗದಂತೆ ಗಟ್ಟಿ, ತಿರುಚಿದರೆ ಮೆತು. ಇದು ವಿನ್ಯಾಸದ ಕೊರತೆಯಲ್ಲ, ಬೇಕೆಂದೇ ಮಾಡಿದ್ದು. ಬದುವಿನ ಮೇಲೆ ಒಂದು ಚಕ್ರ ಎದ್ದಾಗ ಚಾಸಿ ಕೊಂಚ ಹೊರಳಿ ಉಳಿದ ಮೂರನ್ನೂ ನೆಲಕ್ಕೆ ಕಚ್ಚಿಸುತ್ತದೆ. ಕೆಲವು ಪಿಕಪ್‌ಗಳಲ್ಲಿ ತೊಲೆಯನ್ನು ಮುಚ್ಚಿದ ಪೆಟ್ಟಿಗೆಯಾಗಿ ಮಾಡಿರುತ್ತಾರೆ, ಅದು ಅಷ್ಟು ಹೊರಳುವುದಿಲ್ಲ. ಈಗ ಪೆಟ್ಟಿಗೆ ಚಾಸಿಗೆಂದು ಮಾಡಿದ ಬಾಡಿಯನ್ನು ‘ಸಿ’ ಚಾಸಿಯ ಮೇಲೆ ಬಿಗಿದರೆ, ಹೊರಳಲು ಹೊರಟ ಚಾಸಿಯನ್ನು ಬಾಡಿಯೇ ತಡೆಯಬೇಕಾಗುತ್ತದೆ. ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಮುಂದಿನ ಗಾಜಿನ ಮೂಲೆಯಲ್ಲಿ ಸೀಳು ಬರುತ್ತದೆ. ಕ್ಯಾಬಿನ್ ಸೊಟ್ಟಗಾಗಿದೆ ಎಂದು ಟಿಂಕರಿಂಗ್ ಮಾಡಿಸಿದರೆ ದುಡ್ಡು ದಂಡ, ಕಾರಣ ಕೆಳಗಿದೆ.

ಬರಗಾಲದಲ್ಲಿ ಈ ತಾಲ್ಲೂಕುಗಳಿಗೆ ಬೇಕಾಗುವ ನೀರಿನ ಟ್ಯಾಂಕನ್ನೇ ನೋಡಿ. ಉಕ್ಕಿನ ಟ್ಯಾಂಕು ಮುಚ್ಚಿದ ಆಕಾರ, ಬಲು ಬಿಗಿ. ಅದನ್ನು ಚಾಸಿಗೆ ನಾಲ್ಕು ಕಡೆ ನೇರ ವೆಲ್ಡ್ ಮಾಡಿದರೆ ಹೊರಳುವಿಕೆಯೆಲ್ಲ ಆ ನಾಲ್ಕು ಜಾಗಕ್ಕೇ ಬಂದು ಕೂರುತ್ತದೆ, ಬಿರುಕು ಅಲ್ಲೇ ಹುಟ್ಟುತ್ತದೆ. ಅನುಭವಸ್ಥ ಮೇಸ್ತ್ರಿಗಳು ನಡುವೆ ಮರದ ಪಟ್ಟಿ ಅಥವಾ ರಬ್ಬರ್ ಇಟ್ಟು ಯು-ಬೋಲ್ಟ್ ಹಾಕುವುದು ಇದಕ್ಕೇ. ತೊಲೆಯ ಮೇಲಿನ, ಕೆಳಗಿನ ಅಂಚಿಗೆ ತೂತು ಕೊರೆಯಬೇಡಿ, ವೆಲ್ಡ್ ಮಾಡಬೇಡಿ ಎಂದು ವಾಹನ ಕಂಪನಿಗಳೂ ಬಾಡಿ ಕಟ್ಟುವವರಿಗೆ ಹೇಳುತ್ತವೆ. ಭಾರ ಬಿದ್ದಾಗ ಅತಿ ಹೆಚ್ಚು ಎಳೆತ, ಒತ್ತಡ ಆ ಅಂಚುಗಳಲ್ಲೇ. ತೊಲೆಯ ಎತ್ತರದ ನಟ್ಟನಡುವೆ ಅದು ಸೊನ್ನೆ.

ಉಕ್ಕು ಒಂದೇ ಏಟಿಗೆ ಮುರಿಯುವುದು ಅಪರೂಪ. ಸಣ್ಣ ಸಣ್ಣ ಏಟು ಲಕ್ಷಗಟ್ಟಲೆ ಬಿದ್ದು ದಣಿದು ಮುರಿಯುತ್ತದೆ. ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದ ನಡುವಿನಲ್ಲಿ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ನಡೆಸಿ ಇದನ್ನು ಲೆಕ್ಕಕ್ಕೆ ತಂದ. ವೆಲ್ಡ್ ಮಾಡಿದ ಜಾಗಕ್ಕೆ ಎಂಜಿನಿಯರ್‌ಗಳು ಇಂದು ಬಳಸುವ ಸೂತ್ರ ಕಠೋರವಾಗಿದೆ: ಒತ್ತಡ ಕಾಲುಪಾಲು ಹೆಚ್ಚಿದರೆ ಆಯುಸ್ಸು ಅರ್ಧ, ಎರಡರಷ್ಟಾದರೆ ಎಂಟನೇ ಒಂದು ಭಾಗ. ‘ಇನ್ನೊಂದು ನಾಲ್ಕು ಮೂಟೆ ಹಾಕಪ್ಪಾ’ ಎಂಬ ಮಾತಿನ ಬೆಲೆ ಇದು. ಗುಜರಿ ಚಾಸಿಯ ಮುಖ್ಯ ಅಪಾಯವೂ ಇಲ್ಲಿದೆ. ಹಿಂದಿನ ಒಡೆಯನ ಕಾಲದಲ್ಲಿ ಅದು ತಿಂದ ಏಟುಗಳು ಬಣ್ಣದ ಕೆಳಗೆ ಹಾಗೇ ಜಮೆಯಾಗಿರುತ್ತವೆ.

ಅಳತೆಯ ತೊಡಕು ಬೇರೆ. ಮುಂದಿನ ಹಿಂದಿನ ಅಚ್ಚುಗಳ ನಡುವೆ 3 ಮೀಟರ್ ಇದೆ, 1000 ಲೀಟರ್ ನೀರು ತುಂಬಿದೆ ಎಂದುಕೊಳ್ಳಿ. ಆ ಒಂದು ಟನ್ನಿನ ಭಾರಕೇಂದ್ರ ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಿದ್ದರೆ ಮುಂದಿನ ಚಕ್ರಗಳ ಮೇಲೆ 100 ಕಿಲೋ ಬೀಳುತ್ತದೆ. ಅಷ್ಟೇ ಹಿಂದಕ್ಕಿದ್ದರೆ ಮುಂದಿನ ಚಕ್ರಗಳ ಮೇಲಿಂದ 100 ಕಿಲೋ ಕಳೆದುಹೋಗುತ್ತದೆ. ಗಿಡ್ಡ ಚಾಸಿಗೆ ಉದ್ದ ಬಾಡಿ ಕೂರಿಸಿದಾಗ ಆಗುವುದು ಇದೇ. ಸ್ಟೇರಿಂಗ್ ಹಗುರವಾಗುತ್ತದೆ, ಬ್ರೇಕಿನ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಚಕ್ರಗಳದಾದ್ದರಿಂದ ಇಳಿಜಾರಿನಲ್ಲಿ ಗಾಡಿ ಮಾತು ಕೇಳುವುದಿಲ್ಲ.

ಬಾಡಿಗೆ ಸರಿಹೊಂದಲೆಂದು ಚಾಸಿಯನ್ನೇ ಕತ್ತರಿಸಿ ಉದ್ದ ಮಾಡುವವರೂ ಇದ್ದಾರೆ. ಆಗ ಸ್ಟೇರಿಂಗಿನ ಲೆಕ್ಕ ತಪ್ಪುತ್ತದೆ. ತಿರುವಿನಲ್ಲಿ ಒಳಚಕ್ರ ಹೆಚ್ಚು, ಹೊರಚಕ್ರ ಕಡಿಮೆ ಹೊರಳಬೇಕೆಂಬ ಏರ್ಪಾಡು ಕುದುರೆಗಾಡಿ ಕಾಲದ್ದು. ಮ್ಯೂನಿಕ್‌ನ ಲಾಂಕೆನ್‌ಸ್ಪೆರ್ಗರ್ ಕಂಡುಹಿಡಿದ ಅದಕ್ಕೆ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ಆಕರ್‌ಮನ್. ಹೆಸರು ಉಳಿದದ್ದೂ ಅವನದ್ದೇ. ಆ ಕೋನಗಳು ಅಚ್ಚುಗಳ ಅಂತರಕ್ಕೆ ತಕ್ಕಂತೆ ನಿಗದಿಯಾಗಿರುತ್ತವೆ. ಅಂತರ ಬದಲಾದರೆ ಪ್ರತಿ ತಿರುವಿನಲ್ಲೂ ಟಯರು ಉಜ್ಜಿ ಸವೆಯುತ್ತದೆ.

ಇನ್ನು ಕಾಯಿದೆ. ಕಾರ್ನಾಡರ ‘ಹಯವದನ’ ನೋಡಿದವರಿಗೆ ತಲೆ ಅದಲುಬದಲಾದ ಗೆಳೆಯರ ಕಥೆ ಗೊತ್ತು. ಆ ಕಥೆಯ ಮೂಲದಲ್ಲಿ, ಇವರಲ್ಲಿ ಯಾರು ಯಾರು ಎಂಬ ಬೇತಾಳನ ಪ್ರಶ್ನೆಗೆ ಹಳೆಯ ಉತ್ತರ: ತಲೆ ಯಾರದೋ ಮನುಷ್ಯ ಅವನೇ. ಮಧುಗಿರಿಯ ಕೆಎ-64 ನೋಂದಣಿಯ ಪಿಕಪ್ ವಿಷಯದಲ್ಲಿ ಉತ್ತರ ತಿರುಗುಮುರುಗು. ಕಣ್ಣಿಗೆ ಕಾಣುವ ಮುಖ, ಬಣ್ಣ, ಬೋರ್ಡು ಯಾವುದೂ ಲೆಕ್ಕಕ್ಕಿಲ್ಲ. ನಂಬರು ಕೊರೆದಿರುವುದು ಚಾಸಿಯ ಮೇಲೆ. ಚಾಸಿ ಯಾವುದೋ ವಾಹನ ಅದೇ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ, ಭಾರ ಹೊರುವವನೇ ಒಡೆಯ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ಹೊಂದದಂತೆ ವಾಹನ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಹಳೆ ಪಿಕಪ್ ಕೊಳ್ಳುವವರು ಬಾಡಿ ಸುತ್ತ ಪ್ರದಕ್ಷಿಣೆ ಹಾಕುವುದಕ್ಕಿಂತ ಕೆಳಗೆ ತೂರುವುದು ಒಳ್ಳೆಯದು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿಗೆ ತಾಳೆ ನೋಡಿ. ತೊಲೆಯ ಅಂಚಿನಲ್ಲಿ ವೆಲ್ಡಿಂಗ್ ಗುರುತು, ಬಣ್ಣ ಸೀಳಿ ಹೊರಬಂದ ಸಪೂರ ಕೆಂಪು ತುಕ್ಕಿನ ಗೆರೆ ಇದ್ದರೆ ಅಲ್ಲಿ ಬಿರುಕಿದೆ ಎಂದೇ ತಿಳಿಯಿರಿ. ಆಮೇಲೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎರಡೂ ತೊಲೆಗಳ ಮೇಲೆ ಮುಂದೆ ಎರಡು, ಹಿಂದೆ ಎರಡು ಸರಿಸಮ ಜಾಗಗಳಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಗಾಡಿ ಪಕ್ಕಕ್ಕೆ ತಳ್ಳಿ ಎದುರುಬದುರು ಮೂಲೆಗಳಿಗೆ ಓರೆಯಾಗಿ ದಾರ ಹಿಡಿದು ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು. ಬೆರಳಗಲ ಹೆಚ್ಚುಕಡಿಮೆಯಾದರೂ ಆ ಚಾಸಿ ಎಲ್ಲೋ ಬಲವಾಗಿ ಗುದ್ದಿಸಿಕೊಂಡು ಬಂದದ್ದು.