ನರಸಂಧಿಯ ಪ್ರೋಟೀನುಗಳು ನೆಲೆ ಸೇರುವ ಬಗೆ

ಮಿದುಳಿನ ನರಕೋಶಗಳು ಸಾಮಾನ್ಯವಾಗಿ ಒಂದರೊಡನೊಂದು ಬೆಸೆದುಕೊಂಡಿರುವುದಿಲ್ಲ. ಒಂದರ ಸಂದೇಶವು ಇನ್ನೊಂದಕ್ಕೆ ದಾಟುವೆಡೆಯಲ್ಲಿ ಮಿಲಿಮೀಟರಿನ ಸುಮಾರು 50,000ದಲ್ಲಿ ಒಂದು ಪಾಲಿನಷ್ಟು ಕಿರಿದಾದ ತೆರವು ಇರುತ್ತದೆ. ಈ ಸ್ಥಾನಕ್ಕೆ ‘ಸಿನಾಪ್ಸ್’ ಎಂಬ ಹೆಸರನ್ನು 1897ರಲ್ಲಿ ಇಂಗ್ಲೆಂಡಿನ ಷೆರಿಂಗ್ಟನ್ನನು ಬಳಕೆಗೆ ತಂದನು. ಕನ್ನಡದಲ್ಲಿ ಇದನ್ನು ನರಸಂಧಿಯೆನ್ನಬಹುದು.

ಸಂಧಿಯ ಎರಡು ದಡಗಳ ಸಜ್ಜು ಒಂದೇ ಬಗೆಯದಲ್ಲ. ಸಂದೇಶವನ್ನು ಕಳುಹಿಸುವ ನೀಳವಾದ ಅಕ್ಷತಂತುವಿನಲ್ಲಿ ರಾಸಾಯನಿಕ ದ್ರವ್ಯವನ್ನು ತುಂಬಿಕೊಂಡ ಕಿರುಚೀಲಗಳಿವೆ. ಸಿನಾಪ್ಟೊಫೈಸಿನ್, ಸಿನಾಪ್ಸಿನ್ ಎಂಬ ಪ್ರೋಟೀನುಗಳು ಆ ಚೀಲಗಳಿಗೆ ಸೇರಿದವು. ಸಂದೇಶವನ್ನು ಪಡೆಯುವ ಶಾಖಾತಂತುವಿನಲ್ಲಾದರೋ ಗ್ರಾಹಕ ಪ್ರೋಟೀನುಗಳು ನೆಲಸಿವೆ. ಹಾಗಾದರೆ ಎಳೆಯ ನರಕೋಶದಲ್ಲಿ, ಸಂಧಿಯೇ ಇನ್ನೂ ಏರ್ಪಡದಿರುವಾಗ, ಚೀಲಗಳ ಪ್ರೋಟೀನುಗಳು ಎಲ್ಲಿರುತ್ತವೆ?

ಇದನ್ನರಿಯಲು ವಿಜ್ಞಾನಿಗಳು ಇಲಿಯ ಭ್ರೂಣದ ಮಿದುಳಿನಿಂದ ನರಕೋಶಗಳನ್ನು ತೆಗೆದು ಗಾಜಿನ ಮೇಲೆ ಬೆಳೆಸಿದರು. ಬೇಕಾದ ಪ್ರೋಟೀನಿಗೆ ಮಾತ್ರವೇ ಅಂಟುವ ಪ್ರತಿಕಾಯಗಳ ಮೂಲಕ ಅದಕ್ಕೆ ಹೊಳೆಯುವ ಬಣ್ಣವನ್ನು ಕೊಟ್ಟು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಅಕ್ಷತಂತುವು ಇನ್ನೊಂದು ಕೋಶವನ್ನು ಮುಟ್ಟುವ ಮುನ್ನವೇ ಈ ಪ್ರೋಟೀನುಗಳು ಅದರಲ್ಲಿ ಹರಡಿಕೊಂಡು, ಬೆಳೆಯುವ ತುದಿಯಲ್ಲಿ ದಟ್ಟವಾಗಿದ್ದವು. ಮುಟ್ಟಿದ ತರುವಾಯ ಅವು ಸ್ಪರ್ಶಸ್ಥಾನಗಳಲ್ಲಿ ಚುಕ್ಕೆಚುಕ್ಕೆಯಾಗಿ ನೆರೆದವು. ಮನೆ ಕಟ್ಟುವ ಮುನ್ನ ಕಲ್ಲುಮರಗಳನ್ನು ಒಟ್ಟುವಂತೆ, ಸಾಮಗ್ರಿ ಮೊದಲೇ ಸಿದ್ಧವಾಗಿರುತ್ತದೆ. ನಿವೇಶನವನ್ನು ಗೊತ್ತುಮಾಡುವುದು ಬಹುಮಟ್ಟಿಗೆ ಸ್ಪರ್ಶವೇ.

ಸ್ಪರ್ಶದಲ್ಲಿ ಅಡಗಿರುವ ಸಂಕೇತವಾವುದು? ಸಂದೇಶ ಪಡೆಯುವ ಕೋಶದ ಹೊರಮೈಯಲ್ಲಿರುವ ನ್ಯೂರೋಲಿಜಿನ್ ಎಂಬ ಪ್ರೋಟೀನು ಅಕ್ಷತಂತುವಿನ ನ್ಯೂರೆಕ್ಸಿನ್ ಎಂಬುದರೊಡನೆ ಕೂಡಿಕೊಳ್ಳುತ್ತದೆ. ನರಕೋಶಗಳಲ್ಲದ ಕೋಶಗಳಲ್ಲಿ ನ್ಯೂರೋಲಿಜಿನ್ ಉತ್ಪತ್ತಿಯಾಗುವಂತೆ ಮಾಡಿದಾಗ, ಅವನ್ನು ಮುಟ್ಟಿದ ಅಕ್ಷತಂತುಗಳು ಅಲ್ಲಿಯೂ ಚೀಲಗಳನ್ನು ನೆರೆಸಿದುವೆಂದು 2000ದಲ್ಲಿ ತಿಳಿದುಬಂದಿತು. ಆದರೆ ಇದೊಂದೇ ಸಂಕೇತವೆನ್ನುವಂತಿಲ್ಲ. 2006ರಲ್ಲಿ ವರದಿಯಾದಂತೆ, ಮೂರು ಬಗೆಯ ನ್ಯೂರೋಲಿಜಿನ್ನುಗಳಿಲ್ಲದ ಸುಂಡಿಲಿ ಮರಿಗಳಲ್ಲಿ ಸಂಧಿಗಳ ಸಂಖ್ಯೆ ಕುಗ್ಗಲಿಲ್ಲ. ಅವು ಸರಿಯಾಗಿ ಕೆಲಸಮಾಡದೆ, ಮರಿಗಳು ಉಸಿರಾಡಲಾರದೆ ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು.

ಮನುಷ್ಯರ ವಿಷಯದಲ್ಲಿಯೂ ಇದಕ್ಕೆ ಮಹತ್ತ್ವವುಂಟು. ಆಟಿಸಂ ಇರುವ ಕೆಲವರಲ್ಲಿ ನ್ಯೂರೋಲಿಜಿನ್ನಿನ ಜೀನುಗಳು ಬದಲಾಗಿರುವುದು 2003ರಲ್ಲಿ ಗೊತ್ತಾಯಿತು. ಇಂಥ ಬದಲಾವಣೆ ವಿರಳ. ಆಟಿಸಮ್ಮಿಗೆ ಕಾರಣಗಳು ಹಲವು. ಆದರೆ ಅಂಥದೊಂದು ಬದಲಾವಣೆಯಲ್ಲಿ ಪ್ರೋಟೀನು ತಯಾರಾದರೂ ಅದರ ಬಹುಭಾಗ ಹೊರಮೈಯನ್ನು ಸೇರದೆ ಕೋಶದೊಳಗೇ ಉಳಿದುಬಿಡುತ್ತದೆ. ಆದ್ದರಿಂದಲೇ ಪ್ರೋಟೀನು ಇದೆಯೇ ಎಂದು ಕೇಳುವುದರೊಡನೆ ಎಲ್ಲಿದೆಯೆಂದೂ ವಿಜ್ಞಾನಿಗಳು ಕೇಳುತ್ತಾರೆ.