ಆನೆಯ ಕಿವಿ, ನಮ್ಮ ಗದ್ದಲ

ಆನೆ ನಡೆದದ್ದೇ ದಾರಿ ಎಂಬ ಗಾದೆ ಬೇರೆ ಕಡೆಯವರಿಗೆ ಮಾತಿನ ಅಲಂಕಾರ. ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಕಾಡಂಚಿನಲ್ಲಿ ತೋಟ ಮಾಡಿಕೊಂಡಿರುವ ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಬೆಳೆಗಾರರಿಗೆ ಅದು ವರ್ಷದ ಜಮಾಖರ್ಚಿನಲ್ಲಿ ಬರುವ ವಿಷಯ. ವರ್ಷಗಟ್ಟಲೆ ನೀರುಣಿಸಿ ಬೆಳೆಸಿದ ಅಡಿಕೆಯ ಸುಳಿ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಬಾಳೆ ನೆಲ ಕಚ್ಚುತ್ತದೆ. ಕಾಫಿ ಗಿಡ ಕಾಲ್ತುಳಿತಕ್ಕೆ ಸಿಗುತ್ತದೆ. ಕಾವಲಿಗೆ ಹೋದವರ ಜೀವದ ಮಾತಂತೂ ಹೇಳಬೇಕಾಗಿಲ್ಲ.

2023ರ ಆನೆ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿದ್ದ ಕಾಡಾನೆಗಳು 6,395. ಬಿಳಿಗಿರಿರಂಗ ಹುಲಿ ಸಂರಕ್ಷಿತ ಪ್ರದೇಶದಲ್ಲಿ 619, ಮಲೆ ಮಹದೇಶ್ವರ ವನ್ಯಧಾಮದಲ್ಲಿ 706. ಅಂದರೆ ಈ ನೆರೆಹೊರೆ ತಪ್ಪುವಂಥದ್ದಲ್ಲ. ಹೀಗಿರುವಾಗ ಈ ಪ್ರಾಣಿ ಏನು ಕೇಳುತ್ತದೆ, ಕೇಳಿದ್ದನ್ನು ಹೇಗೆ ತಿಳಿದುಕೊಳ್ಳುತ್ತದೆ ಎಂಬುದನ್ನು ಅರಿಯುವುದು ನಮ್ಮ ಹಿತಕ್ಕೇ ಒಳ್ಳೆಯದು.

ನಮಗೆ ಕೇಳಿಸದ ಮಾತು

1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದ ಮೃಗಾಲಯದಲ್ಲಿ ಕೇಟಿ ಪೇನ್ ಎಂಬ ವಿಜ್ಞಾನಿ ಏಷ್ಯಾದ ಆನೆಗಳ ಬಳಿ ನಿಂತಿದ್ದಾಗ, ಸದ್ದೇನೂ ಇಲ್ಲದಿದ್ದರೂ ಗಾಳಿ ಮಿಡಿಯುತ್ತಿರುವಂತೆ ಅವರಿಗೆ ಅನಿಸಿತು. ಬಳಿಕ ಧ್ವನಿಮುದ್ರಣ ಮಾಡಿ ಪರೀಕ್ಷಿಸಿದಾಗ, ಆನೆಗಳು ಸೆಕೆಂಡಿಗೆ 14ರಿಂದ 24 ಕಂಪನಗಳ ಅತಿ ಕೆಳದನಿಯಲ್ಲಿ ಒಂದನ್ನೊಂದು ಕರೆಯುತ್ತಿದ್ದುದು ಗೊತ್ತಾಯಿತು. ಮನುಷ್ಯರ ಕಿವಿಗೆ ಸುಮಾರು 20 ಕಂಪನಗಳಿಗಿಂತ ಕೆಳಗಿನದು ಕೇಳಿಸುವುದಿಲ್ಲ. ಅವರ ವರದಿ 1986ರಲ್ಲಿ ಪ್ರಕಟವಾಯಿತು. ಇಂಥ ಕೆಳದನಿ ಮರಗಿಡಗಳ ನಡುವೆಯೂ ಹೆಚ್ಚು ಕುಂದದೆ ಸಾಗುತ್ತದೆ. ಆಫ್ರಿಕದ ಆನೆಗಳ ಕರೆ ಕಿಲೋಮೀಟರುಗಳಾಚೆ ಮುಟ್ಟುತ್ತದೆಂದೂ, ಸಂಜೆ ನೆಲ ತಂಪಾದ ಮೇಲೆ ಆ ದೂರ ಇನ್ನೂ ಹೆಚ್ಚುತ್ತದೆಂದೂ ಮುಂದಿನ ಅಧ್ಯಯನಗಳು ತೋರಿಸಿವೆ.

ನಮ್ಮ ಕಡೆಯಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರು 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಕಾಡುಗಳಲ್ಲೇ ಆನೆಗಳ ಹಿಂದೆ ತಿರುಗಿ ಅಧ್ಯಯನ ಮಾಡಿದರು. ಹೆಣ್ಣಾನೆಗಳ ಗುಂಪಿಗಿಂತ ಸಲಗಗಳೇ ಬಹಳ ಹೆಚ್ಚಾಗಿ ಹೊಲಗಳಿಗೆ ನುಗ್ಗುತ್ತವೆಂದು ಅವರು ಲೆಕ್ಕಹಾಕಿ ತೋರಿಸಿದರು. ಅದೇ ಸಂಸ್ಥೆಯ ತಂಡ 2009ರಲ್ಲಿ ದಕ್ಷಿಣ ಭಾರತದ ಕಾಡಾನೆಗಳ ಧ್ವನಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು: ಘೀಳು, ಕಿಚಕಿಚ, ಅಬ್ಬರ ಮತ್ತು ಗುಡುಗುಟ್ಟುವ ಕೆಳದನಿ. ಬೇರೆಬೇರೆಯಾದ ಆನೆಗಳು ಒಂದನ್ನೊಂದು ಹುಡುಕಿಕೊಳ್ಳಲು ಬಳಸುವುದು ಈ ಕೆಳದನಿಯನ್ನೇ.

ಗದ್ದಲವನ್ನು ಆನೆ ಅಳೆಯುತ್ತದೆ

ತೋಟಕ್ಕೆ ಆನೆ ಬಂತೆಂದರೆ ನಮ್ಮಲ್ಲಿ ಮೊದಲು ಏಳುವುದು ಕೂಗು. ಆಮೇಲೆ ತಮಟೆ, ಡಬ್ಬ, ಪಟಾಕಿ. ಮೊದಲ ದಿನ ಆನೆ ಓಡುತ್ತದೆ. ನಾಲ್ಕಾರು ಸಲ ಕೇಳಿದ ಮೇಲೆ, ಸದ್ದಿನ ಹಿಂದೆ ಬೇರೇನೂ ಬರುವುದಿಲ್ಲವೆಂಬುದು ಅದಕ್ಕೆ ತಿಳಿದುಹೋಗುತ್ತದೆ.

ಇದು ಬರಿಯ ಊಹೆಯಲ್ಲ. ವಿವೇಕ್ ತುಪ್ಪಿಲ್ ಮತ್ತು ರಿಚರ್ಡ್ ಕಾಸ್ ಎಂಬ ಸಂಶೋಧಕರು ದಕ್ಷಿಣ ಭಾರತದ ಕಾಡಂಚಿನ ಹೊಲಗಳಲ್ಲಿ, ಆನೆ ಹಾದುಹೋದೊಡನೆ ತಾನಾಗಿ ಹುಲಿ ಅಥವಾ ಚಿರತೆಯ ಗುರುಗುಟ್ಟುವಿಕೆ ಕೇಳಿಸುವಂತೆ ಯಂತ್ರ ಇಟ್ಟು ನೋಡಿದರು. 2013ರಲ್ಲಿ ಪ್ರಕಟವಾದ ಅವರ ವರದಿಯಂತೆ, ಹುಲಿಯ ದನಿ ಕೇಳಿದ ಆನೆಗಳು ಸದ್ದಿಲ್ಲದೆ ಹಿಂದೆ ಸರಿದವು. ಚಿರತೆಯ ದನಿಗೆ ಮಾತ್ರ ನಿಂತು, ಘೀಳಿಟ್ಟು, ವಿಚಾರಿಸಿ, ಆಮೇಲೆ ಹೊರಟವು. ಯಾವ ಸದ್ದು ಎಷ್ಟು ಅಪಾಯದ್ದೆಂದು ತೂಗಿನೋಡುವ ಪ್ರಾಣಿಗೆ ನಮ್ಮ ಡಬ್ಬದ ಬೆಲೆ ತಿಳಿಯಲು ಎಷ್ಟು ಹೊತ್ತು ಬೇಕು?

ಇನ್ನೊಂದು ಮಾತು. ಮರಿಯಿರುವ ಗುಂಪನ್ನು ನಾಲ್ಕೂ ಕಡೆಯಿಂದ ಸುತ್ತಿ ಪಟಾಕಿ ಹೊಡೆದರೆ ಗುಂಪು ಚದುರುತ್ತದೆ. ಮರಿ ಒಂದು ಕಡೆ, ತಾಯಿ ಒಂದು ಕಡೆ. ನಮ್ಮ ಗದ್ದಲದಲ್ಲಿ ಅವುಗಳ ಕರೆ ಒಂದಕ್ಕೊಂದು ಸರಿಯಾಗಿ ಮುಟ್ಟುವುದು ಕಷ್ಟ. ಗಾಬರಿಗೊಂಡ ತಾಯಾನೆ ಮರಿಯನ್ನು ಬಿಟ್ಟು ಕಾಡಿಗೆ ಹೋಗುವುದಿಲ್ಲ. ನಮ್ಮ ತೋಟದಲ್ಲೇ ತಿರುಗುತ್ತದೆ, ಎದುರು ಸಿಕ್ಕವರ ಮೇಲೆ ಬೀಳುತ್ತದೆ. ಅದರ ಸಂಕಟವೇ ನಮ್ಮ ಅಪಾಯ.

ಜೇನಿನ ಝೇಂಕಾರ

ಆಫ್ರಿಕದ ಕೀನ್ಯಾ ದೇಶದಲ್ಲಿ ಲೂಸಿ ಕಿಂಗ್ ಅವರು ಕೆರಳಿದ ಜೇನಿನ ಸದ್ದು ಕೇಳಿಸಿದಾಗ ಆನೆಗಳು ಜಾಗ ಖಾಲಿ ಮಾಡುವುದನ್ನು 2007ರಲ್ಲಿ ವರದಿ ಮಾಡಿದರು. ಆಗ ಆನೆಗಳು ವಿಶೇಷ ಕೆಳದನಿಯಿಂದ ಒಂದನ್ನೊಂದು ಎಚ್ಚರಿಸುತ್ತವೆಂಬುದು 2010ರಲ್ಲಿ ತಿಳಿಯಿತು. 2018ರಲ್ಲಿ ಶ್ರೀಲಂಕಾದ ಆನೆಗಳೂ ಏಷ್ಯಾದ ಜೇನಿನ ಸದ್ದಿಗೆ ಹಿಂಜರಿದದ್ದು ಕಂಡುಬಂತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಮಾರ್ಚಿನಲ್ಲಿ ಕೊಡಗಿನ ಚೇಲೂರು ಗ್ರಾಮದ ಬಳಿ ಜೇನುಪೆಟ್ಟಿಗೆಯ ಬೇಲಿಯ ಪ್ರಯೋಗವನ್ನು ಆರಂಭಿಸಿತು. ಪೆಟ್ಟಿಗೆಗಳನ್ನು ಸಾಲಾಗಿ ತಂತಿಯಿಂದ ಜೋಡಿಸಿದರೆ, ಆನೆ ತಂತಿ ತಾಕಿದೊಡನೆ ಪೆಟ್ಟಿಗೆ ಅಲುಗಿ ಹುಳು ಏಳುತ್ತದೆ.

ಇದರಿಂದ ಎಲ್ಲವೂ ಬಗೆಹರಿಯುತ್ತದೆಂದು ತಿಳಿಯಬಾರದು. ನಮ್ಮ ತುಡುವೆ ಆಫ್ರಿಕದ ಜೇನಿಗಿಂತ ಸಾಧು. ಹೂವಿಲ್ಲದ ಕಾಲದಲ್ಲಿ ಆರೈಕೆ ತಪ್ಪಿದರೆ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತದೆ. ಆದರೆ ಆನೆ ಬಾರದ ದಿನವೂ ಅದು ದುಡಿಯುತ್ತದೆ: ಕಾಫಿ ಹೂವಿನ ಪರಾಗಸ್ಪರ್ಶಕ್ಕೆ, ಅದರಲ್ಲೂ ರೊಬಸ್ಟಾಕ್ಕೆ, ಜೇನು ಬೇಕು; ಮನೆಗೆ ತುಪ್ಪವೂ ಆಯಿತು.

ನಾವು ಮಾಡಬಹುದಾದದ್ದು

ಬೆಳೆಗಾರ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟು. ಆನೆ ತೋಟದಲ್ಲಿದೆಯೆಂದು ತಿಳಿದಾಗ ಒಬ್ಬರೇ ಟಾರ್ಚು ಹಿಡಿದು ಹೊರಡಬೇಡಿ. ಅಕ್ಕಪಕ್ಕದ ತೋಟದವರಿಗೂ ಅರಣ್ಯ ಇಲಾಖೆಗೂ ಮೊದಲು ತಿಳಿಸಿ. ಕಾಡಿನ ಕಡೆಯ ದಾರಿಯನ್ನು ಬಿಟ್ಟುಕೊಡಿ; ಆ ಕಡೆ ಜನ, ಬೆಳಕು, ಸದ್ದು ಇರಬಾರದು. ಮರಿಯಿದ್ದರೆ ಗದ್ದಲ ನಿಲ್ಲಿಸಿ, ಗುಂಪು ಕೂಡಿಕೊಳ್ಳಲು ಸಮಯ ಕೊಡಿ. ಹಲಸು, ಬಾಳೆಗೊನೆಗಳನ್ನು ಮರದಲ್ಲೇ ಹಣ್ಣಾಗಲು ಬಿಡಬೇಡಿ. ಅವುಗಳ ವಾಸನೆಯೇ ಆನೆಗೆ ಕರೆಯೋಲೆ. ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆ ತಂತಿಗೆ ಆನೆಯೂ ಒಂದೇ, ಬೆಳಗ್ಗೆ ಕೆಲಸಕ್ಕೆ ಬರುವ ಆಳೂ ಒಂದೇ.

ಬೆಳೆ ನಷ್ಟದ ಪರಿಹಾರ ಸಕಾಲಕ್ಕೆ ಕೈಸೇರಬೇಕು, ಕಂದಕ ಮತ್ತು ಸೌರಬೇಲಿಗಳ ದುರಸ್ತಿ ನಿಲ್ಲಬಾರದು ಎಂಬ ನಮ್ಮ ಒತ್ತಾಯ ಇದ್ದೇ ಇದೆ. ಅದರ ಜೊತೆಗೆ, ಒಂದೇ ಸಾಲಿನಲ್ಲಿ ತೋಟವಿರುವ ನಾಲ್ಕೈದು ಸದಸ್ಯರು ಒಟ್ಟಾಗಿ ಕಾಡಂಚಿಗೆ ಜೇನುಪೆಟ್ಟಿಗೆ ಇಟ್ಟು ಒಂದು ವರ್ಷ ನೋಡಲಿ. ಆನೆ ಬಂದ ರಾತ್ರಿ, ಬಂದ ದಿಕ್ಕು, ಹಿಂದಿರುಗಿದ ಬಗೆ ಇವನ್ನು ಬರೆದಿಡಲಿ. ಕೂಗುವುದು ನಮಗೆ ಮೊದಲಿಂದಲೂ ಗೊತ್ತು. ಕೇಳಿಸಿಕೊಳ್ಳುವುದನ್ನು ಕಲಿತರೆ ಫಸಲೂ ಉಳಿದೀತು, ಜೀವವೂ ಉಳಿದೀತು.