ಬಚ್ಚಲ ಗೋಡೆಯ ಬೂಷ್ಟು ಯಾರ ಲೆಕ್ಕಕ್ಕೆ?

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹತ್ತಿರದ ಗಲ್ಲಿಯೊಂದರಲ್ಲಿ ಆರು ವರ್ಷ ಬಾಡಿಗೆಗಿದ್ದೆವು. ಇಪ್ಪತ್ತು-ಮೂವತ್ತರ ಸೈಟು, ಮೊದಲ ಮಹಡಿ. ಬಚ್ಚಲಿನ ಕಿಟಕಿ ತೆರೆದರೆ ಕೈಗೆ ತಗಲುತ್ತಿದ್ದುದು ಪಕ್ಕದ ಮನೆಯ ಗೋಡೆ. ಎರಡನೇ ಮಳೆಗಾಲದಲ್ಲಿ ಗೀಸರ್ ಮೇಲಿನ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆಗಳು ಕಂಡವು. ದೀಪಾವಳಿ ಹೊತ್ತಿಗೆ ಅಂಗೈಯಗಲ ಆಗಿತ್ತು. ಟವೆಲಿಗೆಲ್ಲ ಹಳೇ ಗೋಣಿಚೀಲದ ವಾಸನೆ, ಮಗಳಿಗೆ ರಾತ್ರಿಯಿಡೀ ಕೆಮ್ಮು.

"ಬಾಗಿಲು ಹಾಕ್ಕೊಂಡು ಬಿಸಿನೀರು ಸುರ್ಕೋತೀರಲ್ಲ, ಅದಕ್ಕೇ" ಎಂದರು ಓನರ್. ಮೇಲಿನ ಮನೆಯ ಪೈಪ್ ಸೋರುತ್ತಿದೆ ಎಂದು ನಾನು. ಮೂರು ತಿಂಗಳು ಇದೇ ಆಯಿತು. ಕೊನೆಗೆ ಪೇಂಟ್ ಹೊಡೆಯಲು ಬಂದ ಹಿರಿಯರೊಬ್ಬರು ಬ್ರಷ್ ಕೆಳಗಿಟ್ಟು, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಕೇಳಿದರು. ಗೋಡೆ ಒರೆಸಿ, ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, "ಎರಡು ದಿನ ಬಿಡಿ" ಎಂದರು. ಹೊರಮೈ ಮೇಲೆ ಹನಿ ಕಟ್ಟಿದರೆ ಅದು ಸ್ನಾನದ ಹಬೆ. ಗೋಡೆ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ನಾವು ಕಿತ್ತಾಗ ಗೋಡೆ ಕಡೆ ತೊಟ್ಟಿಕ್ಕುತ್ತಿತ್ತು. ಮೇಲಿನ ಮನೆಯ ಬಚ್ಚಲ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಜಾಯಿಂಟ್ ಬಿಟ್ಟಿತ್ತು.

ನೀರು ಎಲ್ಲಿಂದ ಬಂತು ಎನ್ನುವುದರಲ್ಲೇ ಹೊಣೆ ಯಾರದ್ದು ಎಂಬುದೂ ಇದೆ. ಹಬೆಯಾದರೆ ಕಿಟಕಿ ತೆರೆದು, ಗೋಡೆ ಒರೆಸಿಕೊಳ್ಳುವುದು ನಮ್ಮ ಕೆಲಸ. ಆದರೆ ಗಾಳಿಯಾಡಲು ದಾರಿಯನ್ನೇ ಬಿಡದೆ ಕಟ್ಟಿದ ಬಚ್ಚಲಿಗೆ ಬಾಡಿಗೆದಾರನೊಬ್ಬನನ್ನೇ ದೂರುವುದು ನ್ಯಾಯವಲ್ಲ. ನಮ್ಮಜ್ಜಿಯ ಬಚ್ಚಲುಮನೆಯಲ್ಲಿ ಹಂಡೆಯೊಲೆಯ ಕಾವಿಗೆ ಗೋಡೆ ಮಧ್ಯಾಹ್ನದೊಳಗೆ ಒಣಗುತ್ತಿತ್ತು. ಮಸಿ ಹಿಡಿಯುತ್ತಿತ್ತು, ಬೂಷ್ಟು ಹಿಡಿದದ್ದನ್ನು ನಾನು ನೋಡಿಲ್ಲ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ನಾನೂ ನಂಬಿದ್ದೆ. ಬೆಂಗಳೂರಿನಲ್ಲಿ ಅದು ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅನ್ವಯಿಸುವುದಿಲ್ಲ. ನಮ್ಮಂಥವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಮಾಲೀಕರು ತಾವು ಮಾಡಿಸಲೇಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. 'ಮಾಡಿಸಲೇಬೇಕಾದ' ಎನ್ನುವುದೇ ಇಲ್ಲಿ ಮುಖ್ಯ. ಅದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಹನ್ನೊಂದು ತಿಂಗಳ ಕರಾರು, ನಾವು ಓದದೆ ಸಹಿ ಹಾಕುವ ಅದೇ ಕಾಗದ. ಸಹಜ ಸವೆತ ಬಿಟ್ಟು, ಕೊಟ್ಟ ಸ್ಥಿತಿಯಲ್ಲೇ ಮನೆ ಹಿಂತಿರುಗಿಸಬೇಕೆಂದು ಅದೇ ಕಲಂ ನಮಗೂ ಹೇಳುತ್ತದೆ. ಹಾಗಾಗಿ ಚುಕ್ಕೆ ಕಂಡ ದಿನವೇ ಫೋಟೊ ತೆಗೆದು, ಬರಹದಲ್ಲಿ ತಿಳಿಸಬೇಕು. ನಾನು ಮೂರು ತಿಂಗಳು ಬರೀ ಬಾಯಲ್ಲಿ ಹೇಳಿದ್ದೆ.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ರಿಪೇರಿಯ ಹೊಣೆಯನ್ನು ಪಟ್ಟಿ ಮಾಡಿಯೇ ಹಂಚಿದೆ: ಕಟ್ಟಡದ ರಿಪೇರಿ, ಪೈಪು, ಸುಣ್ಣಬಣ್ಣ ಮಾಲೀಕರಿಗೆ, ನಲ್ಲಿಯ ವಾಷರ್, ಮೋರಿ ಶುಚಿ, ಗೀಸರ್ ರಿಪೇರಿ ಬಾಡಿಗೆದಾರನಿಗೆ. ಆದರೆ ಅದು ಮಾದರಿಯಷ್ಟೆ. ರಾಜ್ಯ ತನ್ನದಾಗಿಸಿಕೊಂಡಲ್ಲಿ ಮಾತ್ರ ಜಾರಿ.

ಹೋದ ವರ್ಷ ಕೆ.ಆರ್. ಪುರಂಗೆ ಬಂದೆವು. ಹಾಲ್ ನೋಡುವ ಮೊದಲು ಬಚ್ಚಲಿಗೆ ಹೋಗಿ ಕಿಟಕಿ ತೆರೆದೆ. ಕರಾರಿಗೆ ಒಂದು ಸಾಲು ಸೇರಿಸಲು ಕೇಳಿಕೊಂಡೆ: "ಗೋಡೆ, ಚಾವಣಿ, ಪೈಪಿನ ಸೋರಿಕೆಯನ್ನು ಮಾಲೀಕರು ಹದಿನೈದು ದಿನದಲ್ಲಿ ಸರಿಪಡಿಸತಕ್ಕದ್ದು." ಹೊಸ ಓನರ್ ಎರಡು ಸಲ ಓದಿ, ಪಕ್ಕದಲ್ಲೇ ಸಹಿ ಹಾಕಿದರು.